ಹಳೆಯ ಗಣಕಕ್ಕೆ ತಕ್ಕ ಲಿನಕ್ಸು

ಕಳೆದ ಎರಡು ತಿಂಗಳುಗಳಲ್ಲಿ ಈ ಪುಟದ ಹೆಸರಿಗೆ ಬಂದ ಪತ್ರಗಳೊಳಗೆ ಮೂರು ಪತ್ರಗಳು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಬಂದವಾಗಿದ್ದು, ಮೂರರ ತಾತ್ಪರ್ಯವೂ ಒಂದೇ ಆಗಿರುತ್ತದೆ. ಮನೆಯಲ್ಲಿ ಹಳೆಯ ಗಣಕಯಂತ್ರವಿದೆ. ಅದನ್ನು ಗುಜರಿಗೆ ಹಾಕಲು ಮನಸ್ಸಿಲ್ಲ. ಲಿನಕ್ಸನ್ನು ಅದರ ಮೂಲಪಾಠದಿಂದಲೇ ಕಟ್ಟಿ ನಡೆಯಿಸಬೇಕೆಂದಿದ್ದೇವೆ. ಕಂಪೈಲರಿಗೆ ಯಾವ ಸೂಚನೆಗಳನ್ನು ಕೊಡತಕ್ಕದ್ದು? ಇಷ್ಟು ದಿನ ಯಾರೂ ಕೇಳದ ಪ್ರಶ್ನೆಯು ಒಮ್ಮೆಲೆ ಮೂರು ಕಡೆಯಿಂದ ಬಂದುದಕ್ಕೆ ಕಾರಣವಿಲ್ಲದಿಲ್ಲ. ೨೦೨೫ನೆಯ ಇಸವಿಯ ಅಕ್ಟೋಬರ ೧೪ನೆಯ ತಾರೀಖಿಗೆ ಮೈಕ್ರೋಸಾಫ್ಟ್ ಕಂಪನಿಯವರು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ಅವರ ವಿಂಡೋಸ್ ೧೧ ಆದರೋ ಹತ್ತು ವರ್ಷ ಹಿಂದಿನ ಯಂತ್ರಗಳನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳುವದಿಲ್ಲ. ಗಟ್ಟಿಮುಟ್ಟಾಗಿ ನಡೆಯುವ ಯಂತ್ರವನ್ನು ಹೊರಗೆಸೆಯಲು ಯಾವ ಗೃಹಸ್ಥನಿಗೆ ತಾನೇ ಕೈ ಬಂದೀತು?

ಮೂರರಲ್ಲಿ ಮೂಡಲಗಿಯ ಪತ್ರವು ತುಸು ಅವಸರದ್ದು. ಬರೆದವರು ನಿವೃತ್ತರಾದ ಪ್ರಾಥಮಿಕ ಶಾಲೆಯ ಮಾಸ್ತರರು. ೨೦೦೯ರಲ್ಲಿ ಕೊಂಡ, ಕೋರ್ ೨ ಡ್ಯುಓ ಜಾತಿಯ ಇ ೭೪೦೦ ಎಂಬ ಪ್ರೊಸೆಸರಿನ, ೨ ಜಿಬಿ ಮೆಮರಿಯ ಗಣಕವು ಅವರಲ್ಲಿರುತ್ತದೆ. ಅವರ ಮನೆಯವರು ಓಣಿಯ ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಲೆಕ್ಕವನ್ನು ಆರು ವರ್ಷಗಳಿಂದ ಅದರಲ್ಲಿಯೇ ಇಡುತ್ತ ಬಂದಿದ್ದಾರೆ. ರಜೆಗೆಂದು ಬಂದ ಸೋದರಳಿಯನು ತನ್ನ ಹೊಸ ಲ್ಯಾಪ್‌ಟಾಪಿನ ಮುಂದೆ ಎರಡು ದಿನ ಕುಳಿತು ಲಿನಕ್ಸನ್ನು ಕಟ್ಟಿ, ಮಾಮಾನ ಗಣಕದ ಹಾರ್ಡ್ ಡಿಸ್ಕಿನ ಒಂದು ಬರಿದಾದ ಭಾಗಕ್ಕೆ ಇಳಿಸಿ, ಮರುದಿನ ಬೆಳಗಿನ ಬಸ್ಸಿಗೆ ಕಾಲೇಜಿಗೆ ಹೊರಟುಹೋದನು. ಈಗ ಗಣಕವನ್ನು ಹಚ್ಚಿದರೆ ತೆರೆಯ ಮೇಲೆ ಅಕ್ಷರಗಳು ಸರಸರನೆ ಓಡಿ, ‘ಇನಿಟ್’ ಎಂಬುದನ್ನು ಕೊಲ್ಲುವ ಯತ್ನ ನಡೆಯಿತೆಂಬ ಅರ್ಥದ ಸಾಲಿನಲ್ಲಿ ನಿಂತುಬಿಡುತ್ತವೆ. ಆ ಸಾಲಿನ ಕೊನೆಗೆ ಸೊನ್ನೆಗಳ ಹಿಂಡೊಂದು, ಅದರ ಬಾಲಕ್ಕೆ ೪ ಎಂಬ ಅಂಕಿ. ಸಂಘದ ಲೆಕ್ಕವನ್ನು ಈ ತಿಂಗಳ ಕೊನೆಗೆ ಬ್ಯಾಂಕಿನವರಿಗೆ ತೋರಿಸದಿದ್ದರೆ ಸಾಲದ ಕಂತು ನಿಲ್ಲುವದಂತೆ. ಊರ ಹೆಣ್ಣುಮಕ್ಕಳ ಮುಂದೆ ತಮ್ಮ ಮನೆಯವರ ಮಾನ ಹೋಗುವ ಪ್ರಸಂಗ ಬಂದಿದೆ ಎಂದು ಮಾಸ್ತರರು ಬಹು ನೊಂದು ಬರೆದಿರುತ್ತಾರೆ.

ಮಾಸ್ತರರೇ, ಲೆಕ್ಕವು ಎಲ್ಲಿಯೂ ಹೋಗಿಲ್ಲ. ಆ ೪ ಎಂಬ ಅಂಕಿಯೇ ರೋಗದ ನಾಡಿ. ಲಿನಕ್ಸಿನಲ್ಲಿ ಒಂದು ಕಾರ್ಯಕ್ರಮವು ನಡುವಿನಲ್ಲಿ ಅಪಮೃತ್ಯುವಿಗೆ ಈಡಾದರೆ ಅದರ ಕಾರಣವನ್ನು ಸಂಖ್ಯೆಯಿಂದ ಸೂಚಿಸುವ ರೂಢಿಯುಂಟು. ನಾಲ್ಕನೆಯ ಸಂಖ್ಯೆಗೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಹೆಸರು. ಪ್ರೊಸೆಸರು ತಾನು ಎಂದೂ ಕಲಿಯದ ಅಪ್ಪಣೆಯೊಂದನ್ನು ಎದುರಿಗೆ ಕಂಡು ಕೈಚೆಲ್ಲಿತೆಂದು ಅದರ ಅರ್ಥ. ಡಿಸ್ಕು ಕೆಟ್ಟಿದ್ದರೆ, ಮೆಮರಿ ಕೆಟ್ಟಿದ್ದರೆ, ಲಕ್ಷಣಗಳು ಬೇರೆ ಇರುತ್ತಿದ್ದವು. ತಮ್ಮ ಯಂತ್ರಕ್ಕೆ ಏನೂ ಆಗಿಲ್ಲ. ಅದಕ್ಕೆ ಅರಿಯದ ಭಾಷೆಯಲ್ಲಿ ಯಾರೋ ಮಾತಾಡಿದ್ದಾರೆ, ಅಷ್ಟೇ.

ಮೊದಲು ಮಾಡತಕ್ಕ ಕೆಲಸವನ್ನು ಮೊದಲು ಹೇಳುವೆನು. ಕಂಪೈಲರಿನ ವಿಚಾರವನ್ನು ಬದಿಗಿಟ್ಟು, ಪರಿಚಯದವರ ಗಣಕದಲ್ಲಿ ಒಂದು ಪೆನ್ ಡ್ರೈವಿಗೆ ಡೆಬಿಯನ್ನಿನ ‘ಲೈವ್’ ಪ್ರತಿಯನ್ನು ಇಳಿಸಿಕೊಳ್ಳಿರಿ. ತಮ್ಮ ಗಣಕವನ್ನು ಅದರಿಂದಲೇ ಹಚ್ಚಿ, ಲೆಕ್ಕದ ಕಡತಗಳಿರುವ ಭಾಗವನ್ನು ತೆರೆದು, ಇನ್ನೊಂದು ಪೆನ್ ಡ್ರೈವಿಗೆ ಯಾವತ್ತೂ ನಕಲು ಮಾಡಿಕೊಳ್ಳಿರಿ. ಮತ್ತೊಂದು ನಕಲನ್ನು ಸಂಘದ ಬೇರೆ ಸದಸ್ಯೆಯೊಬ್ಬರ ಮನೆಯಲ್ಲಿಡಿರಿ. ಇದು ಒಂದು ತಾಸಿನ ಕೆಲಸ. ಇದಾಗುವ ವರೆಗೆ ಸೋದರಳಿಯನಿಗೂ ಬೇರೆ ಯಾವ ಜಾಣನಿಗೂ ಆ ಡಿಸ್ಕನ್ನು ಮುಟ್ಟಗೊಡಬಾರದು. ಬ್ಯಾಂಕಿಗೆ ತೋರಿಸುವ ಲೆಕ್ಕವನ್ನು ಆ ಪೆನ್ ಡ್ರೈವಿನ ಲಿನಕ್ಸಿನಿಂದಲೇ ಮುದ್ರಿಸಿ ಕೊಡಬಹುದು.

ಇನ್ನು ತಪ್ಪು ಎಲ್ಲಿ ಆಯಿತೆಂಬ ವಿಚಾರ. ಗೋಕಾಕ ಸೀಮೆಯವರಿಗೆ ಕರದಂಟಿನ ದೃಷ್ಟಾಂತ ಸಾಕು. ಬೆಲ್ಲ, ಅಂಟು, ಕೊಬ್ಬರಿ, ಗೋಡಂಬಿಗಳ ಪ್ರಮಾಣವನ್ನು ಬರೆದ ಚೀಟಿಯು ಮೂಲಪಾಠವಿದ್ದಂತೆ. ತಾಟಿನಲ್ಲಿ ಕೊಯ್ದಿಟ್ಟ ಕರದಂಟು ಗಣಕವು ನಡೆಯಿಸುವ ಕಾರ್ಯಕ್ರಮವಿದ್ದಂತೆ. ನಡುವೆ ನಿಂತು ಪಾಕ ಮಾಡುವವನೇ ಕಂಪೈಲರು. ಚೀಟಿ ಒಂದೇ ಇದ್ದರೂ ಇಪ್ಪತ್ತರ ಪ್ರಾಯದವನಿಗಾಗಿ ಗಟ್ಟಿಪಾಕ ಹಿಡಿದುದನ್ನು ಹಲ್ಲುದುರಿದ ಅಜ್ಜನ ಕೈಗೆ ಕೊಟ್ಟರೆ ಅಜ್ಜನು ಬಾಯೊಳಗೆ ಇಟ್ಟುಕೊಂಡು ಸುಮ್ಮನೆ ಕೂಡ್ರಬೇಕಾಗುವದು. ತಮ್ಮ ಸೋದರಳಿಯನು ಕಂಪೈಲರಿಗೆ ‘-ಮಾರ್ಚ್=ನೇಟಿವ್’ ಎಂಬ ಸೂಚನೆಯನ್ನು ಕೊಟ್ಟಿರಬೇಕು. ಇದಕ್ಕೆ “ನೀನು ಈಗ ಯಾವ ಯಂತ್ರದ ಮೇಲೆ ಕುಳಿತಿರುವಿಯೋ ಅದರ ಬಲವನ್ನೆಲ್ಲ ಬಳಸು” ಎಂದು ಅರ್ಥ. ಕುಳಿತದ್ದು ಹೊಸ ಲ್ಯಾಪ್‌ಟಾಪಿನ ಮೇಲೆ. ಉಣ್ಣಬೇಕಾದದ್ದು ೨೦೦೮ರ ಪ್ರೊಸೆಸರು.

(ಈ ಪುಟದಲ್ಲಿ ಸೂಚನೆಗಳನ್ನು ಕನ್ನಡ ಲಿಪಿಯಲ್ಲಿಯೇ ಅಚ್ಚು ಹಾಕುತ್ತೇವೆ. ಗಣಕದ ಮುಂದೆ ಕುಳಿತಾಗ ಅವನ್ನು ರೋಮನ್ ಸಣ್ಣಕ್ಷರಗಳಲ್ಲಿ, ನಡುವೆ ತೆರಪಿಲ್ಲದೆ ಬೆರಳಚ್ಚಿಸಬೇಕು. ‘ಓ’ ಒಂದನ್ನು ಮಾತ್ರ ದೊಡ್ಡಕ್ಷರದಲ್ಲಿ.)

ಪ್ರೊಸೆಸರುಗಳ ಶಬ್ದಭಂಡಾರವು ವರ್ಷಗಳು ಕಳೆದಂತೆ ಬೆಳೆಯುತ್ತ ಬಂದಿದೆ. ೧೯೯೧ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು ಲಿನಕ್ಸನ್ನು ಆರಂಭಿಸಿದುದು ೩೮೬ ಪ್ರೊಸೆಸರಿನ ಮೇಲೆ. ಇಂಟೆಲ್ಲಿನವರು ೧೯೯೭ರಲ್ಲಿ ಎಂಎಂಎಕ್ಸ್, ೧೯೯೯ರಲ್ಲಿ ಪೆಂಟಿಯಂ ೩ರೊಡನೆ ಎಸ್‌ಎಸ್‌ಇ, ೨೦೦೦ದ ಕೊನೆಗೆ ಪೆಂಟಿಯಂ ೪ರೊಡನೆ ಎಸ್‌ಎಸ್‌ಇ೨, ೨೦೦೪ರಲ್ಲಿ ಎಸ್‌ಎಸ್‌ಇ೩, ೨೦೦೬ರಲ್ಲಿ ಕೋರ್ ೨ರೊಡನೆ ಮತ್ತೊಂದು ಎಸ್ ಸೇರಿದ ಎಸ್‌ಎಸ್‌ಎಸ್‌ಇ೩, ಹೀಗೆ ಹೊಸ ಅಪ್ಪಣೆಗಳ ಗುಂಪುಗಳನ್ನು ಸೇರಿಸಿದರು. ಮಾಸ್ತರರ ಇ ೭೪೦೦ಕ್ಕೆ ಎಸ್‌ಎಸ್‌ಇ ೪.೧ರ ವರೆಗೆ ವಿದ್ಯೆ ಬರುತ್ತದೆ, ೪.೨ ಬರುವದಿಲ್ಲ. ಸೋದರಳಿಯನ ಲ್ಯಾಪ್‌ಟಾಪು ೨೦೧೩ರಲ್ಲಿ ಬಂದ ಎವಿಎಕ್ಸ್೨ವನ್ನು ಸಹಜವಾಗಿ ಬಲ್ಲದು. ಅಲ್ಲಿಯೇ ಹೆಣಿಗೆ ತಪ್ಪಿತು. ತಮ್ಮ ಪ್ರೊಸೆಸರಿನ ವಿದ್ಯೆ ಎಷ್ಟೆಂಬುದನ್ನು ಲಿನಕ್ಸಿನಲ್ಲಿ ‘ಪ್ರೋಕ್’ ಎಂಬ ಕೋಶದೊಳಗಿನ ‘ಸಿಪಿಯುಇನ್ಫೋ’ ಕಡತದ ‘ಫ್ಲ್ಯಾಗ್ಸ್’ ಎಂಬ ಸಾಲಿನಲ್ಲಿ ಓದಿಕೊಳ್ಳಬಹುದು. ಅಲ್ಲಿ ಎಸ್‌ಎಸ್‌ಇ೩ರ ಹೆಸರು ‘ಪಿಎನ್‌ಐ’ ಎಂದು ಬೇರೆ ವೇಷದಲ್ಲಿರುತ್ತದೆ. ೬೪ ಬಿಟ್ಟಿನ ಗುರುತು ‘ಎಲ್‌ಎಂ’.

ಈ ಹೊಸ ವಿದ್ಯೆಯ ಅಹಂಕಾರವು ದೊಡ್ಡ ಕಂಪನಿಗಳಿಗೂ ಬಂದಿದೆ. ಪ್ರೊಸೆಸರುಗಳನ್ನು ೨೦೨೦ರಲ್ಲಿ ನಾಲ್ಕು ಮಟ್ಟಗಳಾಗಿ ವಿಂಗಡಿಸಲಾಯಿತು. ೨೦೨೨ರ ರೆಡ್ ಹ್ಯಾಟ್ ೯ ಎರಡನೆಯ ಮಟ್ಟಕ್ಕಿಂತ ಕೆಳಗಿನವುಗಳ ಮೇಲೆ ನಡೆಯುವದಿಲ್ಲ. ೨೦೨೫ರ ರೆಡ್ ಹ್ಯಾಟ್ ೧೦ ಮೂರನೆಯ ಮಟ್ಟವನ್ನು ಕೇಳುತ್ತದೆ. ಕೋರ್ ೨ ಮೊದಲನೆಯ ಮಟ್ಟದ್ದು. ವಿಂಡೋಸ್ ೧೧ರ ೨೦೨೪ರ ಆವೃತ್ತಿಯು ಎಸ್‌ಎಸ್‌ಇ ೪.೨ ಇಲ್ಲದ ಪ್ರೊಸೆಸರಿನ ಮೇಲೆ ಹೊತ್ತುವದೇ ಇಲ್ಲ. ಲಿನಕ್ಸಿನ ಕರ್ನಲ್ ಕೂಡ ೨೦೧೩ರ ೩.೮ನೆಯ ಆವೃತ್ತಿಯಲ್ಲಿ ತನ್ನ ಜನ್ಮಭೂಮಿಯಾದ ೩೮೬ನ್ನು ಕೈಬಿಟ್ಟಿತು. ಡೆಬಿಯನ್ ಮಾತ್ರ ೬೪ ಬಿಟ್ಟಿನ ಯಂತ್ರಗಳ ಮಟ್ಟಿಗೆ ಇನ್ನೂ ಮೊದಲನೆಯ ಮಟ್ಟಕ್ಕೇ ಕಟ್ಟುತ್ತಿರುವದು. ಆದುದರಿಂದ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾದರೆ, ಸಂಘದ ಲೆಕ್ಕವಷ್ಟೇ ನಡೆಯಬೇಕಾಗಿದ್ದರೆ ಮಾಸ್ತರರು ಕಂಪೈಲರಿನ ಗೊಡವೆಗೇ ಹೋಗತಕ್ಕದ್ದಲ್ಲ. ಸಿದ್ಧ ಡೆಬಿಯನ್ ೧೩ನ್ನು ಹಾಕಿಕೊಂಡರೆ ಕೆಲಸ ತೀರಿತು. ಮೂಲಪಾಠದಿಂದ ಕಟ್ಟುವದು ಕಲಿಯುವವರಿಗಾಗಿ, ತಮ್ಮ ಯಂತ್ರದ ಒಳಗನ್ನು ತಿಳಿದುಕೊಳ್ಳುವ ಹವ್ಯಾಸಿಗಳಿಗಾಗಿ. ಆದರೂ ಮಾಸ್ತರರು ತಾವು ಕಲಿಯಲಿಕ್ಕೇ ಹೊರಟಿದ್ದೇವೆಂದು ಸ್ಪಷ್ಟವಾಗಿ ಬರೆದಿದ್ದಾರಾದ ಕಾರಣ, ಮುಂದಿನದನ್ನು ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪಿನಲ್ಲಿಯೇ ಕಟ್ಟಿರಿ, ಅಡ್ಡಿಯಿಲ್ಲ; ಆದರೆ ‘ನೇಟಿವ್’ ಶಬ್ದವನ್ನು ತೆಗೆದು ‘-ಮಾರ್ಚ್=ಕೋರ್೨ -ಓ೨’ ಎಂದು ಬರೆಯಿರಿ. ಇಷ್ಟೇ ಸಾಕು. ಹೊಸ ಪ್ರೊಸೆಸರು ಕೋರ್ ೨ರ ಅಪ್ಪಣೆಗಳನ್ನು ಬಲ್ಲದಾದ್ದರಿಂದ ಕಟ್ಟಿದ್ದನ್ನು ಅಲ್ಲಿಯೇ ಪರೀಕ್ಷಿಸಲೂ ಬರುತ್ತದೆ. ‘ಕೋರ್೨’ ಎಂಬ ಹೆಸರಿನೊಳಗೆ ಎಸ್‌ಎಸ್‌ಇ ೪.೧ ಸೇರುವದಿಲ್ಲ, ಬೇಕೆಂದರೆ ‘-ಎಂಎಸ್‌ಎಸ್‌ಇ೪.೧’ ಎಂದು ಬೇರೆಯಾಗಿ ಕೊಡಬಹುದು, ಆದರೆ ಅದರಿಂದ ಕಣ್ಣಿಗೆ ಕಾಣುವ ಲಾಭವೇನೂ ಇಲ್ಲ. ‘-ಮಾರ್ಚ್’ ಮತ್ತು ‘-ಎಂಟ್ಯೂನ್’ ಎಂಬ ಎರಡು ಸೂಚನೆಗಳನ್ನು ಒಂದೇ ಎಂದು ತಿಳಿಯಬಾರದು. ಮೊದಲನೆಯದು ಯಾವ ಶಬ್ದಗಳನ್ನು ಬಳಸಲು ಅಪ್ಪಣೆಯುಂಟೆಂಬುದನ್ನು ಗೊತ್ತುಮಾಡುತ್ತದೆ. ತಪ್ಪಿದರೆ ಕಾರ್ಯಕ್ರಮವು ಸಾಯುತ್ತದೆ. ಎರಡನೆಯದು ಬಲ್ಲ ಶಬ್ದಗಳನ್ನೇ ಯಾವ ಕ್ರಮದಲ್ಲಿ ಜೋಡಿಸಿದರೆ ಆ ಪ್ರೊಸೆಸರಿಗೆ ಹಿತವೆಂಬುದನ್ನು ನೋಡುತ್ತದೆ. ತಪ್ಪಿದರೆ ತುಸು ನಿಧಾನವಾದೀತು, ಅಷ್ಟೇ. ಒಂದೇ ಡಿಸ್ಕನ್ನು ನಾಲ್ಕಾರು ಮನೆಯ ಗಣಕಗಳಲ್ಲಿ ಹಚ್ಚುವ ವಿಚಾರವಿದ್ದರೆ ‘-ಮಾರ್ಚ್=ಎಕ್ಸ್೮೬-೬೪ -ಎಂಟ್ಯೂನ್=ಕೋರ್೨’ ಎಂಬುದು ಎಲ್ಲರಿಗೂ ಸಲ್ಲುವ ಜೋಡಿ. ‘ನೇಟಿವ್’ ಎಂಬುದನ್ನು ಆ ಹಳೆಯ ಯಂತ್ರದ ಮೇಲೆಯೇ ಕುಳಿತು ಕಟ್ಟುವಾಗ ಮಾತ್ರ, ಅದೂ ನೆರೆಯ ಗಣಕದ ನೆರವನ್ನು ಜಾಲದ ಮೂಲಕ ತೆಗೆದುಕೊಳ್ಳದೆ ಇದ್ದಾಗ ಮಾತ್ರ, ಬಳಸತಕ್ಕದ್ದು.

‘-ಓ೩’ರ ವ್ಯಾಮೋಹ ಹುಡುಗರಿಗೆ ಬಹಳ. ಎರಡಕ್ಕಿಂತ ಮೂರು ದೊಡ್ಡದಲ್ಲವೇ ಎಂದು ಅವರ ತರ್ಕ. ಅದು ಕಾರ್ಯಕ್ರಮವನ್ನು ದಪ್ಪ ಮಾಡುತ್ತದೆ. ಹಳೆಯ ಪ್ರೊಸೆಸರಿನ ಕ್ಯಾಶ್ ಎಂಬ ಸಣ್ಣ ಉಗ್ರಾಣದಲ್ಲಿ ಹಿಡಿಸಲಾರದೆ ಒಮ್ಮೊಮ್ಮೆ ಮೊದಲಿಗಿಂತ ನಿಧಾನವೂ ಆಗುವದುಂಟು. ‘-ಎಫ್‌ಫಾಸ್ಟ್-ಮ್ಯಾಥ್’ ಎಂದು ಹೆಸರಾದ ಸೂಚನೆಯನ್ನಂತೂ ದೂರವಿಡಿರಿ. ಅದು ದಶಾಂಶದ ಲೆಕ್ಕದ ನಿಯಮಗಳನ್ನು ಅವಸರಕ್ಕಾಗಿ ಸಡಲಿಸುವಂಥದು. ಹಣದ ಲೆಕ್ಕವಿಡುವ ಮನೆಯಲ್ಲಿ ಅದಕ್ಕೆ ಜಾಗವಿಲ್ಲ.

ಒಂದು ಗುಪ್ತವಾದ ಕುಣಿಯನ್ನು ಇಲ್ಲಿ ಹೇಳದಿದ್ದರೆ ಮಾಸ್ತರರು ಎರಡನೆಯ ಸಲವೂ ಎಡವುವ ಭಯವಿದೆ. ಜಿಎಂಪಿ ಎಂಬ ಗಣಿತದ ಗ್ರಂಥಾಲಯವೊಂದುಂಟು. ಕಂಪೈಲರೇ ಅದರ ಮೇಲೆ ಅವಲಂಬಿಸಿದೆ. ಇದು ತಮ್ಮ ಸೂಚನೆಯ ದಾರಿಯನ್ನು ಕಾಯದೆ, ತಾನು ಯಾವ ಯಂತ್ರದ ಮೇಲೆ ಕಟ್ಟಲ್ಪಡುತ್ತಿದೆಯೆಂದು ತಾನೇ ಇಣಿಕಿ ನೋಡಿ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಉಳಿದೆಲ್ಲವನ್ನೂ ಸರಿಯಾಗಿ ಕಟ್ಟಿದರೂ ಇದೊಂದರಿಂದಾಗಿ ಹಳೆಯ ಗಣಕದಲ್ಲಿ ಕಂಪೈಲರು ಮಾತ್ರ ಸಾಯುವದುಂಟು. ಇದನ್ನು ಕಟ್ಟುವ ಮೊದಲಿನ ‘ಕಾನ್ಫಿಗರ್’ ಹಂತದಲ್ಲಿ ‘--ಹೋಸ್ಟ್=ನನ್-ಲಿನಕ್ಸ್-ಗ್ನೂ’ ಎಂದು ಸೇರಿಸಿದರೆ ಅದು ಯಾರ ಮುಖವನ್ನೂ ನೋಡದೆ ಸರ್ವಸಾಮಾನ್ಯವಾಗಿ ಕಟ್ಟಿಕೊಳ್ಳುವದು. ಮೂಲಪಾಠದಿಂದ ಲಿನಕ್ಸ್ ಕಟ್ಟುವವರ ಕೈಪಿಡಿಯಾದ ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಪುಸ್ತಕದಲ್ಲಿ ಈ ಮಾತು ಇದೆ. ಅವಸರದವರು ಅದನ್ನು ಹಾರಿಸಿ ಓದುತ್ತಾರೆ.

ಕರ್ನಲ್ಲಿನ ವಿಷಯ ಬೇರೆ. ಅದು ತನ್ನ ಸಾಮಾನ್ಯ ಕೆಲಸಕ್ಕೆ ಎಸ್‌ಎಸ್‌ಇ ಮುಂತಾದ ಗುಂಪುಗಳನ್ನು ಮುಟ್ಟುವದೇ ಇಲ್ಲ. ಕಟ್ಟುವಾಗಲೇ ಅವನ್ನು ನಿಷೇಧಿಸಿರುತ್ತಾರೆ. ಮಾಸ್ತರರ ಗಣಕದಲ್ಲಿ ಕರ್ನಲ್ಲು ಸರಸರನೆ ಓಡಿ, ಮೊದಲನೆಯ ಸಾಮಾನ್ಯ ಕಾರ್ಯಕ್ರಮವಾದ ‘ಇನಿಟ್’ ಬಂದ ಕೂಡಲೆ ಎಲ್ಲವೂ ನಿಂತುದರ ರಹಸ್ಯವು ಇದೇ. ಆದುದರಿಂದ ಕರ್ನಲ್ಲಿನಲ್ಲಿ ಪ್ರೊಸೆಸರಿನ ಹೆಸರನ್ನು ಆರಿಸುವದರಿಂದ ಬರುವ ಲಾಭಕ್ಕಿಂತ, ಬೇಡವಾದ ಸಾಮಾನುಗಳ ಚಾಲಕಗಳನ್ನು ತೆಗೆದುಹಾಕುವದರಿಂದ ಬರುವ ಲಾಭವೇ ಹೆಚ್ಚು. ಪೆನ್ ಡ್ರೈವಿನ ಡೆಬಿಯನ್ನನ್ನು ಹಳೆಯ ಗಣಕದಲ್ಲಿ ಹಚ್ಚಿ, ಪ್ರಿಂಟರು, ಮೌಸು ಎಲ್ಲವನ್ನೂ ಚುಚ್ಚಿಟ್ಟು, ಆ ಗಣಕದಲ್ಲಿಯೇ ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಎಂದರೆ ಆ ಹೊತ್ತಿಗೆ ಉಪಯೋಗದಲ್ಲಿರುವ ಚಾಲಕಗಳಷ್ಟೇ ಉಳಿಯುತ್ತವೆ. ಚುಚ್ಚಲು ಮರೆತ ಪ್ರಿಂಟರು ಮುಂದೆ ನಡೆಯಲಿಲ್ಲವೆಂದು ಕಂಪೈಲರನ್ನು ಬೈಯಬಾರದು.

ಹಳೆಯ ಗಣಕದಲ್ಲಿಯೇ ಕಟ್ಟುತ್ತೇನೆಂಬ ಹಟದವರಿಗೆ ವಿದ್ಯುತ್ತಿನ ಮಾತು. ಗೋಕಾಕದ ಗಿರಣಿಯವರು ೧೮೮೭ರಷ್ಟು ಹಿಂದೆಯೇ ಘಟಪ್ರಭೆಯ ಧುಮುಕುನೀರಿನಿಂದ ಟರ್ಬೈನು ತಿರುಗಿಸಿದ ನಾಡು ಇದು. ಹುಕ್ಕೇರಿ ತಾಲೂಕಿನವರು ೧೯೬೯ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನೇ ಕಟ್ಟಿಕೊಂಡವರು. ಆದರೂ ಬೇಸಿಗೆಯ ಗಾಳಿಮಳೆಯಲ್ಲಿ ತಂತಿ ಹರಿದರೆ ಯಾರೇನು ಮಾಡಿಯಾರು? ಕರೆಂಟು ಹೋದರೆ ಮಾಡಿದ್ದೆಲ್ಲ ವ್ಯರ್ಥವಾಯಿತೆಂದು ಎದೆ ಒಡೆದುಕೊಳ್ಳಬೇಕಾದ್ದಿಲ್ಲ. ‘ಮೇಕ್’ ಎಂಬ ಮೇಸ್ತ್ರಿಯು ಕಡತಗಳ ಗಳಿಗೆಗಳನ್ನು ನೋಡಿ ಬಿಟ್ಟಲ್ಲಿಂದ ಮುಂದುವರಿಸುವನು. ಆದರೆ ಕರೆಂಟು ಹೋದ ಕ್ಷಣದಲ್ಲಿ ಬರೆಯಲ್ಪಡುತ್ತಿದ್ದ ಕಡತವು ಅರ್ಧವಾಗಿ ಉಳಿದು, ಪೂರ್ತಿಯಾದದ್ದೆಂದು ಮೇಸ್ತ್ರಿಯನ್ನು ಮೋಸಗೊಳಿಸಬಹುದು. ಕೊನೆಯ ಕೆಲವು ನಿಮಿಷಗಳಲ್ಲಿ ಹುಟ್ಟಿದ ‘.ಓ’ ಕಡತಗಳನ್ನು ಅಳಿಸಿ ಮುಂದುವರಿಸುವದು ಲೇಸು. ಎರಡು ಜಿಬಿ ಮೆಮರಿಯಲ್ಲಿ ‘-ಜೆ೨’ಕ್ಕಿಂತ ಹೆಚ್ಚು ಕೆಲಸಗಾರರನ್ನು ಹಚ್ಚಬಾರದು, ದೊಡ್ಡ ಕಟ್ಟಡಗಳಿಗೆ ಒಬ್ಬನೇ ಸಾಕು. ಬ್ರೌಸರನ್ನು ಮಾತ್ರ ಎಂದಿಗೂ ಇದರ ಮೇಲೆ ಕಟ್ಟತಕ್ಕದ್ದಲ್ಲ. ಆ ಮೆಮರಿಯಲ್ಲಿ ಅದು ಮುಗಿಯುವ ಕೆಲಸವೇ ಅಲ್ಲ. ಆರಂಭಕ್ಕೆ ಮೊದಲು ಪೆಟ್ಟಿಗೆಯನ್ನು ಬಿಚ್ಚಿ ಫ್ಯಾನಿನ ಧೂಳನ್ನು ಊದಿಸಿರಿ. ತಾಸುಗಟ್ಟಲೆ ದುಡಿಯುವ ಹಳೆಯ ಪ್ರೊಸೆಸರು ಕಾದರೆ ಕಂಪೈಲರು ನಡುವೆ ಕಾರಣವಿಲ್ಲದೆ ಬೀಳುತ್ತದೆ. ಪ್ರತಿಸಲವೂ ಬೇರೆ ಬೇರೆ ಕಡೆಯಲ್ಲಿ ಬಿದ್ದರೆ ಸೂಚನೆಯ ದೋಷವಲ್ಲ, ಶಾಖದ್ದೋ ಮೆಮರಿಯದ್ದೋ ಎಂದು ತಿಳಿಯಬೇಕು.

ಗೋಕಾಕದ ಪತ್ರವು ಕರದಂಟಿನ ಅಂಗಡಿಯವರದು. ಬಿಲ್ಲು ಬರೆಯಲಿಕ್ಕೆ ಆಟಮ್ ಎನ್ ೨೭೦ ಪ್ರೊಸೆಸರಿನ ಪುಟ್ಟ ನೆಟ್‌ಬುಕ್ಕನ್ನು ಇಟ್ಟುಕೊಂಡಿದ್ದಾರೆ. ಇದು ೨೦೦೮ರ ಕೂಸಾದರೂ ೩೨ ಬಿಟ್ಟಿನದು. ೨೦೨೫ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ ೧೩ರಲ್ಲಿ ೩೨ ಬಿಟ್ಟಿನ ಇಂಥ ಯಂತ್ರಗಳಿಗೆ ಕರ್ನಲ್ಲೂ ಇಲ್ಲ, ಸ್ಥಾಪಕವೂ ಇಲ್ಲ. ಆದ್ದರಿಂದ ಮೂಲಪಾಠದ ಮಾರ್ಗವು ಮೂವರೊಳಗೆ ನಿಜವಾಗಿ ಬೇಕಾದದ್ದು ಇವರಿಗೇ. ಸೂಚನೆಗಳು ‘-ಎಂ೩೨ -ಮಾರ್ಚ್=ಬಾನೆಲ್ -ಎಂಎಫ್‌ಪಿಮ್ಯಾಥ್=ಎಸ್‌ಎಸ್‌ಇ -ಓ೨’; ಹಳೆಯ ಕಂಪೈಲರಿನಲ್ಲಿ ‘ಬಾನೆಲ್’ ಬದಲು ‘ಆಟಮ್’. ಇತರ ಪ್ರೊಸೆಸರುಗಳು ಬಂದ ಅಪ್ಪಣೆಗಳನ್ನು ತಮ್ಮ ಅನುಕೂಲದಂತೆ ಹಿಂದುಮುಂದು ಮಾಡಿಕೊಂಡು ನಡೆಯಿಸುತ್ತವೆ; ಈ ಆಟಮ್ ಬಡಪಾಯಿಯು ಬಂದ ಕ್ರಮದಲ್ಲಿಯೇ ನಡೆಯಿಸತಕ್ಕದ್ದು. ಆದ್ದರಿಂದ ಕಂಪೈಲರು ಮೊದಲೇ ಒಳ್ಳೆಯ ಕ್ರಮದಲ್ಲಿ ಜೋಡಿಸಿಕೊಟ್ಟರೆ ಇದಕ್ಕೆ ಆಗುವ ಉಪಕಾರವು ಕೋರ್ ೨ಕ್ಕಿಂತ ಹೆಚ್ಚು. ನೆಟ್‌ಬುಕ್ಕಿನ ಮೇಲೆ ಕಟ್ಟದೆ ದೊಡ್ಡ ಗಣಕದಲ್ಲಿ ಕಟ್ಟಿ ತರಬೇಕು. ಇನ್ನೊಂದು ವಿಚಿತ್ರ: ಈ ಸಣ್ಣವನಿಗೆ ‘ಮೂವ್‌ಬಿಇ’ ಎಂಬ ಒಂದು ಅಪ್ಪಣೆ ಬರುತ್ತದೆ, ಅದು ದೊಡ್ಡಣ್ಣ ಕೋರ್ ೨ಕ್ಕೆ ಬರುವದಿಲ್ಲ. ಆದ್ದರಿಂದ ಗೋಕಾಕದವರು ತಮ್ಮ ಡಿಸ್ಕನ್ನು ಮೂಡಲಗಿಯ ಮಾಸ್ತರರಿಗೆ ಕೊಟ್ಟರೆ ಮತ್ತೆ ಅದೇ ೪ರ ಅಂಕಿ ಕಾಣಿಸಿಕೊಂಡೀತು.

ಹುಕ್ಕೇರಿಯ ತರುಣನದು ಪೆಂಟಿಯಂ ೪. ೨೦೦೪ಕ್ಕಿಂತ ಹಿಂದಿನದಾದರೆ ‘-ಮಾರ್ಚ್=ಪೆಂಟಿಯಂ೪’, ಫ್ಲ್ಯಾಗ್ಸ್ ಸಾಲಿನಲ್ಲಿ ‘ಪಿಎನ್‌ಐ’ ಇದ್ದರೆ ‘-ಮಾರ್ಚ್=ಪ್ರೆಸ್ಕಾಟ್’, ‘ಎಲ್‌ಎಂ’ ಸಹ ಇದ್ದರೆ ‘-ಮಾರ್ಚ್=ನೊಕೋನಾ’. ಆದರೆ ೩ ಗಿಗಾಹರ್ಟ್ಸಿನ ಪ್ರೆಸ್ಕಾಟ್ ಒಂದಕ್ಕೆ ತಯಾರಕರು ಬರೆದ ಶಾಖದ ಅಳತೆ ೮೪ ವ್ಯಾಟ್; ಗೋಕಾಕದವರ ಆಟಮ್‌ದು ೨.೫. ಕಟ್ಟಿ ಕಲಿಯಲಿಕ್ಕೆ ಇಟ್ಟುಕೊಳ್ಳಲಿ. ದಿನವಹಿ ಬಳಸುವ ವಿಚಾರವಿದ್ದರೆ ಅದೇ ಬಿಲ್ಲಿನ ಹಣದಲ್ಲಿ ಯಾರಾದರೂ ಮಾರುತ್ತಿರುವ ಹಳೆಯ ಕೋರ್ ೨ ಗಣಕವೊಂದನ್ನು ಹುಡುಕುವದು ಮೇಲು.